ತಿಂಗಳಿಗೊಂದು ಹೆವಿ–ಪವರ್ ಮೆಟಲ್ ಪಟ್ಟಿ: ಹಾಡು ಕೂಡಿಸುವ, ಹಂಚುವ, ಅಂಕ ಹಾಕುವ ಕ್ರಮ

ಮೈಸೂರು, ಮಂಡ್ಯದ ಗೆಳೆಯರ ಗುಂಪುಗಳಲ್ಲಿ ಮೆಟಲ್ (ಜೋರು ಗಿಟಾರಿನ ರಾಕ್ ಸಂಗೀತ) ಹಾಡುಗಳ ತಿಂಗಳ ಪ್ಲೇಲಿಸ್ಟ್ ಶುರುವಾಗುವುದು ಸುಲಭ, ಮೂರನೆಯ ತಿಂಗಳನ್ನು ದಾಟುವುದು ಕಷ್ಟ. ಮೊದಲ ತಿಂಗಳು ಎಲ್ಲರೂ ಹಾಡು ಕಳಿಸುತ್ತಾರೆ, ಎರಡನೆಯ ತಿಂಗಳು ಅರ್ಧ ಜನ ಅಂಕ ಕೊಡುತ್ತಾರೆ, ಮೂರನೆಯ ತಿಂಗಳಿಗೆ ಪಟ್ಟಿ ಮಾಡಿದವರೊಬ್ಬರೇ ಉಳಿದು ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಗುಡ್ ಮಾರ್ನಿಂಗ್ ಚಿತ್ರಗಳು ಓಡಾಡತೊಡಗುತ್ತವೆ. ಜನರಿಗೆ ಆಸಕ್ತಿ ಹೋಯಿತು ಎಂದು ಇದಕ್ಕೆ ಕಾರಣ ಹೇಳುವವರೇ ಹೆಚ್ಚು. ಆದರೆ ಕೆಟ್ಟಿರುವುದು ಬಹುಮಟ್ಟಿಗೆ ಕೆಲಸದ ಕ್ರಮ: ಪಟ್ಟಿ ಮುಚ್ಚುವ ಮೊದಲೇ ಅಂಕ, ಅಂಕ ಮುಗಿಯುವ ಮೊದಲೇ ಚರ್ಚೆ, ಚರ್ಚೆಯಲ್ಲಿ ಜಗಳವಾದ ಮೇಲೆ ನಿಯಮ. ಕೆಳಗಿನ ಹಂತಗಳು ಈ ಕ್ರಮವನ್ನು ನೆಟ್ಟಗೆ ಮಾಡುವುದಕ್ಕೆಂದು ಬರೆದವು, ಮತ್ತು 6ರಿಂದ 12 ಮಂದಿಯ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಹಂತ 1: ಬೇಕಾದ ಸಾಮಗ್ರಿ

ಬೇಕಾಗಿರುವುದು ನಾಲ್ಕೇ. ಎಲ್ಲರ ಫೋನಿನಲ್ಲೂ ಇರುವ ಒಂದು ಸಂಗೀತ ಆ್ಯಪ್, ಒಂದು ಗೂಗಲ್ ಫಾರ್ಮ್, ಅದರ ಉತ್ತರಗಳು ಬಂದು ಬೀಳುವ ಒಂದು ಶೀಟ್, ಮತ್ತು ಪ್ರತಿಯೊಬ್ಬರ ಬಳಿಯೂ ಸುಮಾರಾದರೂ ಚೆನ್ನಾಗಿರುವ ಇಯರ್‌ಫೋನ್. ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಿ ಅಂಕ ಕೊಡುವುದನ್ನು ಮೊದಲ ದಿನವೇ ನಿಷೇಧಿಸಬೇಕು. ಅದರಲ್ಲಿ ತಗ್ಗಿನ ನಾದ ಹೊರಡುವುದೇ ಇಲ್ಲ. ಎರಡು ಕಾಲಿನಿಂದ ಬಾರಿಸುವ ಡಬಲ್ ಬಾಸ್ ಡ್ರಮ್ಮಿನ ಏಟು, ಬಾಸ್ ಗಿಟಾರಿನ ನಡೆ ಎರಡೂ ಮಾಯವಾಗಿ, ಪವರ್ ಮೆಟಲ್ (ವೇಗದ, ಇಂಪಾದ ರಾಗದ ಮೆಟಲ್) ಹಾಡೊಂದು ಬರೀ ಕಿರುಚಾಟ ಮತ್ತು ಕೀಬೋರ್ಡಾಗಿ ಕೇಳಿಸುತ್ತದೆ.

ಇವುಗಳ ಜೊತೆಗೆ ಒಬ್ಬ ಪಟ್ಟಿಗಾರ ಬೇಕು. ಹಾಡುಗಳನ್ನು ಪಡೆದು, ಜೋಡಿಸಿ, ಅಂಕಗಳನ್ನು ಲೆಕ್ಕ ಹಾಕುವ ಈ ಕೆಲಸ ಪ್ರತಿ ತಿಂಗಳೂ ಸರದಿಯ ಮೇಲೆ ಬೇರೆಯವರ ಕೈಗೆ ಹೋಗಬೇಕು. ಒಬ್ಬರೇ ಹೊತ್ತರೆ ಅವರಿಗೆ ಬೇಸರ ಬರುತ್ತದೆ, ಉಳಿದವರಿಗೆ ಸಂಶಯ ಬರುತ್ತದೆ.

ಹಂತ 2: ಯಾವುದು ಒಳಗೆ, ಯಾವುದು ಹೊರಗೆ

ಹೆವಿ ಮೆಟಲ್ ಎಂದಾಗ ಜುಡಾಸ್ ಪ್ರೀಸ್ಟ್, ಐರನ್ ಮೇಡನ್, ಡಿಯೊ, ಆಕ್ಸೆಪ್ಟ್, ಸ್ಯಾಕ್ಸನ್ ಇವರ ಬಗ್ಗೆ ತಕರಾರಿಲ್ಲ. ಪವರ್ ಮೆಟಲ್ ಎಂದಾಗ ಹೆಲೋವೀನ್, ಗಾಮಾ ರೇ, ಬ್ಲೈಂಡ್ ಗಾರ್ಡಿಯನ್, ಸ್ಟ್ರಾಟೊವೇರಿಯಸ್, ಹ್ಯಾಮರ್‌ಫಾಲ್ ಇವರ ಬಗ್ಗೆಯೂ ಇಲ್ಲ. ತಕರಾರು ಹುಟ್ಟುವುದು ಅಂಚಿನಲ್ಲಿ. ಹೆಲೋವೀನ್‌ನ 1985ರ ಮೊದಲ ಆಲ್ಬಮ್, ಬ್ಲೈಂಡ್ ಗಾರ್ಡಿಯನ್‌ನ 1988 ಮತ್ತು 1989ರ ಮೊದಲೆರಡು ಆಲ್ಬಮ್‌ಗಳು ಇನ್ನೂ ಒರಟಾದ, ವೇಗವೇ ಮುಖ್ಯವಾದ ಸ್ಪೀಡ್ ಮೆಟಲ್‌ಗೆ ಹತ್ತಿರ. ನೈಟ್‌ವಿಶ್‌ನ 1998ರ ಆಲ್ಬಮ್ಮಿನಲ್ಲಿ ಪವರ್ ಮೆಟಲ್ ಧಾರಾಳವಾಗಿದೆ, ಆಮೇಲಿನ ಆಲ್ಬಮ್‌ಗಳಲ್ಲಿ ಸಿಂಫನಿಯ ಪಾಲು ಬೆಳೆಯುತ್ತದೆ. ಆದ್ದರಿಂದ ಬ್ಯಾಂಡಿನ ಹೆಸರನ್ನು ನೋಡಿ ತೀರ್ಮಾನಿಸದೆ ಆಯಾ ಹಾಡನ್ನು ಕೇಳಿ ತೀರ್ಮಾನಿಸುವುದೇ ಸರಿಯಾದ ನಿಯಮ.

ನಮ್ಮ ಸೀಮೆಯ ಗುಂಪುಗಳಲ್ಲಿ ತಪ್ಪದೆ ಏಳುವ ಒಂದು ಪ್ರಶ್ನೆ ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡಿನದು. ಅವರ ಗಿಟಾರ್ ಕೆಲಸ ಎಂಬತ್ತರ ದಶಕದ ಹೆವಿ ಮೆಟಲ್ಲಿನ ನೇರ ಸಂತತಿ. ಹಾಡುವ ದನಿ ಮಾತ್ರ ಒರಟು. ಕೊರಳನ್ನು ನೋಡುವವರು ಹೊರಗೆ ಎನ್ನುತ್ತಾರೆ, ರಿಫ್ (ಮತ್ತೆಮತ್ತೆ ಬರುವ ಗಿಟಾರ್ ಎಳೆ) ನೋಡುವವರು ಒಳಗೆ ಎನ್ನುತ್ತಾರೆ. ರಿಫ್ ನೋಡಿ ಒಳಗೆ ಬಿಟ್ಟುಕೊಳ್ಳುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ಗುಂಪು ಬೇರೆ ನಿರ್ಧಾರ ಮಾಡಿದರೂ ತೊಂದರೆಯಿಲ್ಲ. ಹಾಡು ಬರುವುದಕ್ಕೆ ಮೊದಲು ಮಾಡಿರಬೇಕು, ಅಷ್ಟೆ. ಹಾಡು ಪಟ್ಟಿಯಲ್ಲಿ ಕೂತ ಮೇಲೆ ಗಡಿಯ ಮಾತೆತ್ತಿದರೆ ಅದು ಹಾಡು ಕಳಿಸಿದವರ ಮೇಲಿನ ಆಕ್ಷೇಪವಾಗಿಯೇ ಕೇಳಿಸುತ್ತದೆ.

ಹಂತ 3: ತಿಂಗಳ ದಿನಾಂಕಗಳು

1ರಿಂದ 5ನೇ ತಾರೀಖಿನೊಳಗೆ ಹಾಡುಗಳು ಬರಬೇಕು. 6 ಮತ್ತು 7ರಂದು ಪಟ್ಟಿಗಾರ ಪರಿಶೀಲಿಸಿ ಜೋಡಿಸಬೇಕು. 8ರಂದು ಪಟ್ಟಿ ಹೊರಬೀಳಬೇಕು, ಮತ್ತು ಅಂದಿನಿಂದ ಅದರಲ್ಲಿ ಒಂದು ಹಾಡೂ ಅತ್ತಿತ್ತ ಆಗಕೂಡದು. 25ರ ರಾತ್ರಿ ಅಂಕ ಮುಚ್ಚಬೇಕು. ಅದಾದ ಮೇಲಿನ ಭಾನುವಾರ ಫಲಿತಾಂಶ ಮತ್ತು ಮಾತುಕತೆ.

ದಸರಾ ಬರುವ ತಿಂಗಳಲ್ಲಿ ಮೈಸೂರಿನವರ ಮನೆ ತುಂಬ ನೆಂಟರಿರುತ್ತಾರೆ, ಇನ್ನು ಕೆಲವು ತಿಂಗಳಲ್ಲಿ ಇಂಜಿನಿಯರಿಂಗ್ ಓದುವವರಿಗೆ ಸೆಮಿಸ್ಟರ್ ಪರೀಕ್ಷೆಗಳಿರುತ್ತವೆ. ಅಂಥ ತಿಂಗಳಲ್ಲಿ ಅವಧಿಯನ್ನು ಎಳೆಯುವುದಕ್ಕಿಂತ ಹಾಡುಗಳನ್ನು ಅರ್ಧಕ್ಕಿಳಿಸುವುದು ಮೇಲು. ಒಂದು ಸಲ ಕೊನೆಯ ದಿನಾಂಕ ಜಾರಿತೆಂದರೆ ಮುಂದಿನ ತಿಂಗಳು ಅದನ್ನು ಯಾರೂ ನಂಬುವುದಿಲ್ಲ.

ಹಂತ 4: ಹಾಡು ಆರಿಸುವುದು, ಸರಿಯಾದ ಆವೃತ್ತಿ ಹಿಡಿಯುವುದು

ಒಬ್ಬರಿಗೆ ಒಂದೇ ಹಾಡು, ಗುಂಪು ಚಿಕ್ಕದಾಗಿದ್ದರೆ ಎರಡು. ಒಟ್ಟು ಅವಧಿ 60ರಿಂದ 70 ನಿಮಿಷ ದಾಟಬಾರದು. ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಸದಸ್ಯರು ಹೋಗುವಾಗ ಅರ್ಧ, ಬರುವಾಗ ಅರ್ಧ ಕೇಳಿ ಮುಗಿಸುವಷ್ಟು ಉದ್ದವದು. ಎರಡು ಗಂಟೆಯ ಪಟ್ಟಿಯನ್ನು ಎರಡು ಸಲ ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ಒಂದೇ ಸಲ ಕೇಳಿ ಕೊಟ್ಟ ಅಂಕಕ್ಕೆ ಹೆಚ್ಚು ಬೆಲೆಯೂ ಇಲ್ಲ.

ಉದ್ದದ ಹಾಡುಗಳಿಗೆ ಬೇರೆ ನಿಯಮ ಬೇಕು. ಐರನ್ ಮೇಡನ್‌ನ 1984ರ ಆಲ್ಬಮ್ಮಿನ ಕೊನೆಯ ಹಾಡು ಸುಮಾರು 13 ನಿಮಿಷ 45 ಸೆಕೆಂಡು. ಹೆಲೋವೀನ್‌ನಲ್ಲೂ 13 ನಿಮಿಷ ಮೀರಿದ ಹಾಡುಗಳಿವೆ. 10 ನಿಮಿಷ ದಾಟಿದ್ದನ್ನು ಎರಡು ಹಾಡಿನ ಲೆಕ್ಕಕ್ಕೆ ಹಿಡಿದು, ಒಂದು ಪಟ್ಟಿಯಲ್ಲಿ ಅಂಥದ್ದು ಒಂದಕ್ಕಿಂತ ಹೆಚ್ಚಿರದಂತೆ ನೋಡಿಕೊಳ್ಳಿ.

ಹೆಚ್ಚಿನ ಗುಂಪುಗಳು ಎಡವುವುದು ಆವೃತ್ತಿಯಲ್ಲಿ. ಹಾಡಿನ ಹೆಸರನ್ನಷ್ಟೇ ಬರೆದು ಕಳಿಸಿದರೆ ಪಟ್ಟಿಗಾರ ಹುಡುಕಿದಾಗ ಮೊದಲು ಬರುವುದು ಲೈವ್ ಆವೃತ್ತಿಯೋ, ಮರುಧ್ವನಿಮುದ್ರಣವೋ, ಇನ್ಯಾರೋ ಹಾಡಿದ ಕವರೋ ಆಗಿರಬಹುದು. ಸೊನಾಟಾ ಆರ್ಕ್ಟಿಕಾ 1999ರ ತನ್ನ ಮೊದಲ ಆಲ್ಬಮನ್ನು 2014ರಲ್ಲಿ ಪೂರ್ತಿಯಾಗಿ ಮತ್ತೆ ನುಡಿಸಿ ಹೊರತಂದಿದೆ. ಹಾಡುಗಳ ಹೆಸರು ಅವೇ, ಕೊರಳು ಮತ್ತು ವೇಗ ಅವಲ್ಲ. ಗಾಮಾ ರೇ ತನ್ನ ಹಳೆಯ ಹಾಡುಗಳನ್ನು 2000ದಲ್ಲಿ ಮತ್ತೆ ಧ್ವನಿಮುದ್ರಿಸಿತು. ಮೂಲದ ಮೇಲಿನ ಪ್ರೀತಿಯಿಂದ ಕಳಿಸಿದ ಹಾಡಿಗೆ ಮರುಧ್ವನಿಮುದ್ರಣದ ಲೆಕ್ಕದಲ್ಲಿ ಅಂಕ ಬಿದ್ದರೆ ಕಳಿಸಿದವರಿಗೂ ಅನ್ಯಾಯ, ಹಾಡಿಗೂ ಅನ್ಯಾಯ. ಬ್ಯಾಂಡಿನ ಹೆಸರಿನಲ್ಲೂ ಗೊಂದಲವಿದೆ: ಇಟಲಿಯ ರಾಪ್ಸಡಿ 2006ರಲ್ಲಿ ರಾಪ್ಸಡಿ ಆಫ್ ಫೈರ್ ಆಯಿತು, 2011ರಲ್ಲಿ ಅದರಿಂದ ಒಡೆದು ಲೂಕಾ ತುರಿಲ್ಲಿಯ ಹೆಸರು ಹೊತ್ತ ಇನ್ನೊಂದು ರಾಪ್ಸಡಿ ಹುಟ್ಟಿತು. ಹಾಗಾಗಿ ಪ್ರತಿಯೊಂದು ಸಲಹೆಯಲ್ಲೂ ಐದು ವಿವರಗಳಿರಲಿ: ಬ್ಯಾಂಡ್, ಹಾಡು, ಆಲ್ಬಮ್, ವರ್ಷ, ಅವಧಿ. ಅವಧಿಯನ್ನು ಬರೆಸುವುದು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು, ಆದರೆ ಹೆಸರೂ ಚಿತ್ರವೂ ಒಂದೇ ಆಗಿರುವ ಎರಡು ಆವೃತ್ತಿಗಳನ್ನು ಬೇಗ ಗುರುತಿಸಿಕೊಡುವುದು ಸೆಕೆಂಡುಗಳ ಲೆಕ್ಕವೇ.

ಇನ್ನೊಂದು ಸೂಕ್ಷ್ಮ ಮುನ್ನುಡಿ ತುಣುಕುಗಳದು. ಜುಡಾಸ್ ಪ್ರೀಸ್ಟ್‌ನ 1982ರ ಆಲ್ಬಮ್ಮಿನ ಆರಂಭದಲ್ಲಿ ‘ದಿ ಹೆಲಿಯನ್’ ಎಂಬ ಮುಕ್ಕಾಲು ನಿಮಿಷಕ್ಕೂ ಕಡಿಮೆಯ ಗಿಟಾರ್ ತುಣುಕಿದ್ದು, ಅದು ನೇರವಾಗಿ ‘ಎಲೆಕ್ಟ್ರಿಕ್ ಐ’ ಹಾಡಿಗೆ ಸೇರಿಕೊಳ್ಳುತ್ತದೆ. ಆ್ಯಪ್‌ಗಳಲ್ಲಿ ಅವು ಎರಡು ಟ್ರ್ಯಾಕ್. ಎರಡನೆಯದನ್ನಷ್ಟೇ ಹಾಕಿದರೆ ಹಾಡು ನಡುವಿನಿಂದ ಹಾರಿ ಬಂದಂತಿರುತ್ತದೆ. ಬ್ಲೈಂಡ್ ಗಾರ್ಡಿಯನ್‌ನ 1998ರ ಆಲ್ಬಮ್ಮಿನ 22 ಟ್ರ್ಯಾಕುಗಳಲ್ಲಿ ಹೆಚ್ಚುಕಡಿಮೆ ಅರ್ಧ ಇಂಥ ಕಿರುತುಣುಕುಗಳೇ. ತುಣುಕು ಮತ್ತು ಹಾಡು ಎರಡನ್ನೂ ಹಾಕಿ, ಫಾರ್ಮಿನಲ್ಲಿ ಅವೆರಡಕ್ಕೂ ಸೇರಿ ಒಂದೇ ಪ್ರಶ್ನೆ ಇಡಿ.

ಹಂತ 5: ಹಾಡುಗಳ ಅನುಕ್ರಮ

ಬಂದ ಕ್ರಮದಲ್ಲೇ ಜೋಡಿಸುವುದು ತಪ್ಪು. ಪವರ್ ಮೆಟಲ್ಲಿನ ವೇಗದ ಹಾಡುಗಳು ಮೂರು ಒಟ್ಟಿಗೆ ಬಂದರೆ, ಎಲೆ ತುಂಬ ಒಬ್ಬಟ್ಟೇ ಬಡಿಸಿದಂತಾಗಿ, ಮೂರನೆಯದು ಎಷ್ಟೇ ಒಳ್ಳೆಯದಿದ್ದರೂ ನಾಲಿಗೆಗೆ ಹತ್ತುವುದಿಲ್ಲ. ಎರಡು ವೇಗದ ಹಾಡುಗಳಾದ ಮೇಲೆ ಮಧ್ಯಮ ಲಯದ ಹೆವಿ ಮೆಟಲ್ ಹಾಡೊಂದು ಬರಲಿ. ಒಂದೇ ದೇಶದ, ಒಂದೇ ದಶಕದ ಹಾಡುಗಳನ್ನು ಅಕ್ಕಪಕ್ಕ ಕೂರಿಸಬೇಡಿ. ಎಲ್ಲರಿಗೂ ಗೊತ್ತಿರುವ ಹಾಡಿದ್ದರೆ ಅದನ್ನು ಮೊದಲ ಸ್ಥಾನಕ್ಕೆ ಹಾಕಬೇಡಿ. ಕೇಳುವವರು ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದ ಅಪರಿಚಿತ ಹಾಡುಗಳನ್ನು ಅಳೆಯತೊಡಗುತ್ತಾರೆ.

ಎಷ್ಟು ಜಾಣತನದಿಂದ ಜೋಡಿಸಿದರೂ ಕೊನೆಯ ಹಾಡುಗಳಿಗೆ ದಣಿದ ಕಿವಿಯೇ ಸಿಗುತ್ತದೆ. ಇದಕ್ಕೆ ಸುಲಭ ಪರಿಹಾರ, ಎರಡನೆಯ ಸಲ ಕೇಳುವಾಗ ಪಟ್ಟಿಯನ್ನು ಅರ್ಧದಿಂದ ಶುರುಮಾಡಿ ಆಮೇಲೆ ಮೊದಲರ್ಧಕ್ಕೆ ಬರುವುದು.

ಹಂತ 6: ಹಂಚುವುದು

ಎಲ್ಲರೂ ಸೇರಿ ಹಾಡು ಹಾಕಬಹುದಾದ ಜಂಟಿ ಪ್ಲೇಲಿಸ್ಟ್ ಸ್ಪಾಟಿಫೈನಲ್ಲಿದೆ, ನೋಡಲು ಅನುಕೂಲವೆನ್ನಿಸುತ್ತದೆ. ಈ ಕೆಲಸಕ್ಕೆ ಅದು ಬೇಡ. ಯಾವ ಹಾಡನ್ನು ಯಾರು ಸೇರಿಸಿದರೆಂಬುದು ಅಲ್ಲಿ ಎಲ್ಲರಿಗೂ ಕಾಣುತ್ತದೆ. ಕಂಡ ಮೇಲೆ ಅಂಕ ಬೀಳುವುದು ಗೆಳೆತನಕ್ಕೆ. ಹಾಡುಗಳು ಪಟ್ಟಿಗಾರನಿಗೆ ಖಾಸಗಿಯಾಗಿ ಬರಲಿ, ಪಟ್ಟಿಯನ್ನು ಅವನೊಬ್ಬನೇ ಮಾಡಲಿ, ಕಳಿಸಿದವರ ಹೆಸರು ಅಂಕ ಮುಚ್ಚುವವರೆಗೆ ಹೊರಬರದಿರಲಿ.

ಲಿಂಕಿನ ಜೊತೆಗೆ ಸಂಖ್ಯೆ ಹಾಕಿದ ಬರಹದ ಪಟ್ಟಿಯನ್ನೂ ಕಳಿಸಿ. ಒಂದು ಆ್ಯಪಿನ ಲಿಂಕು ಇನ್ನೊಂದರಲ್ಲಿ ತೆರೆಯುವುದಿಲ್ಲ, ಯೂಟ್ಯೂಬ್ ಮ್ಯೂಸಿಕ್ ಬಳಸುವವರು ಬರಹ ನೋಡಿಯೇ ಹುಡುಕಬೇಕಾಗುತ್ತದೆ. ಉಚಿತ ಖಾತೆಯಲ್ಲಿ ಕೇಳುವವರಿಗೆ ಹಾಡುಗಳು ಹಿಂದುಮುಂದಾಗಿ ಬಂದರೂ ಸಂಖ್ಯೆ ಕೈಯಲ್ಲಿದ್ದರೆ ಅಂಕ ತಪ್ಪುವುದಿಲ್ಲ. ಆ್ಯಪಿನಲ್ಲಿ ಸಿಗದ ಹಾಡನ್ನು, ಅದೆಷ್ಟೇ ಅಪರೂಪದ್ದಾದರೂ, ಆ ತಿಂಗಳಿಗೆ ಬಿಟ್ಟುಬಿಡಿ. ಅರ್ಧ ಜನ ಕೇಳಿ ಅರ್ಧ ಜನ ಕೇಳದ ಹಾಡು ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಹಂತ 7: ಕೇಳುವ ಮೊದಲು ಆ್ಯಪನ್ನು ಹದಗೊಳಿಸುವುದು

ಮೂರು ಸೆಟ್ಟಿಂಗ್‌ಗಳನ್ನು ನೋಡಬೇಕು. ಮೊದಲನೆಯದು ಆಡಿಯೊ ನಾರ್ಮಲೈಸೇಷನ್, ಅಂದರೆ ಎಲ್ಲ ಹಾಡುಗಳ ಜೋರನ್ನು ಸಮ ಮಾಡುವುದು. ಇದು ಆನ್ ಇರಬೇಕು. ಎಂಬತ್ತರ ದಶಕದ ಧ್ವನಿಮುದ್ರಣಗಳಿಗಿಂತ 2000ದ ಆಚೀಚಿನವು ಬಹಳ ಜೋರಾಗಿರುತ್ತವೆ, ಮತ್ತು ಎರಡು ಹಾಡು ಪಕ್ಕಪಕ್ಕದಲ್ಲಿದ್ದಾಗ ಜೋರಾಗಿರುವುದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಮೆಟಾಲಿಕಾದ 2008ರ ಆಲ್ಬಮ್ ಜೋರಿನ ಈ ಪೈಪೋಟಿಯ ಕೆಟ್ಟ ಮಾದರಿಯೆಂದೇ ಹೆಸರಾಗಿದೆ. ನಾರ್ಮಲೈಸೇಷನ್ ಆನ್ ಇದ್ದರೆ ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಜೋರನ್ನು ಅಳೆಯುವ ಮಾನ) ಎಂಬ ಒಂದೇ ಮಟ್ಟದ ಸುತ್ತಮುತ್ತ ತಂದು ನಿಲ್ಲಿಸುತ್ತದೆ. ಹಾಗೆ ಮಾಡಿದಾಗ 1983ರ ಡಿಯೊ ಹಾಡಿಗೂ ನಿನ್ನೆ ಮೊನ್ನೆಯ ಹಾಡಿಗೂ ಒಂದೇ ನೆಲ ಸಿಗುತ್ತದೆ.

ಎರಡನೆಯದು ಕ್ರಾಸ್‌ಫೇಡ್, ಇದು ಆಫ್ ಇರಬೇಕು. ಸ್ಪಾಟಿಫೈನಲ್ಲಿ ಇದನ್ನು 12 ಸೆಕೆಂಡಿನವರೆಗೆ ಏರಿಸಬಹುದು, ಅಂದರೆ ಒಂದು ಹಾಡಿನ ಕೊನೆಯ ಚೀತ್ಕಾರದ ಮೇಲೆ ಮುಂದಿನ ಹಾಡಿನ ಆರಂಭದ ರಿಫ್ ಬಂದು ಕೂರುತ್ತದೆ. ಮೂರನೆಯದು ಆಟೊಪ್ಲೇ, ಇದೂ ಆಫ್ ಇರಬೇಕು. ಪಟ್ಟಿ ಮುಗಿದ ಮೇಲೂ ಆ್ಯಪ್ ತಾನಾಗಿ ಅದೇ ಬಗೆಯ ಹಾಡುಗಳನ್ನು ಹಾಕುತ್ತ ಹೋಗುತ್ತದೆ. ಪಟ್ಟಿಯಲ್ಲೇ ಇಲ್ಲದ ಹಾಡನ್ನು ಸದಸ್ಯರೊಬ್ಬರು ಹೊಗಳತೊಡಗಿದರೆ ಅವರ ಫೋನಿನಲ್ಲಿ ಆಗಿರುವುದು ಇದೇ.

ರೈಲಿನ ಗದ್ದಲದಲ್ಲಿ ವಾಲ್ಯೂಮ್ ಏರಿಸುತ್ತಲೇ ಹೋಗುವ ಅಭ್ಯಾಸ ಅಪಾಯದ್ದು. ವಿಶ್ವ ಆರೋಗ್ಯ ಸಂಸ್ಥೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಯನ್ನು ಮಿತಿಯೆಂದು ಹೇಳುತ್ತದೆ, ಮಟ್ಟ ಏರಿದಂತೆ ಗಂಟೆಗಳು ಬೇಗಬೇಗ ಇಳಿಯುತ್ತವೆ. ಕೇಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ ಅಂದಿಗೆ ನಿಲ್ಲಿಸಿ. ಎರಡು ಸಲ ಕೇಳುವುದರಲ್ಲಿ ಒಂದಾದರೂ ಮನೆಯಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ ಆಗಲಿ.

ಹಂತ 8: ಅಂಕ ಕೊಡುವುದು

ಅಂಕ ಮುಚ್ಚುವವರೆಗೆ ಗುಂಪಿನಲ್ಲಿ ಹಾಡುಗಳ ಬಗ್ಗೆ ಒಂದು ಮಾತೂ ಬರಬಾರದು ಎನ್ನುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒಂದು ಸ್ಮೈಲಿಯೂ ಬೇಡ. ‘ನಾಲ್ಕನೇದು ಸೂಪರ್ ಕಣ್ಲಾ’ ಎಂದು ಮಂಡ್ಯದ ಗೆಳೆಯನೊಬ್ಬ ಒಂಬತ್ತನೇ ತಾರೀಖಿಗೇ ಬರೆದರೆ, ಇನ್ನೂ ಕೇಳದವರೆಲ್ಲ ನಾಲ್ಕನೆಯ ಹಾಡನ್ನು ಅವನ ಕಿವಿಯಿಂದಲೇ ಕೇಳುತ್ತಾರೆ. ಒಪ್ಪುವವರು ಒಂದು ಅಂಕ ಏರಿಸುತ್ತಾರೆ, ಅವನನ್ನು ಕಂಡರಾಗದವರು ಎರಡು ಇಳಿಸುತ್ತಾರೆ. ವಾಟ್ಸಾಪ್ ಪೋಲ್ ಬೇಡವೆನ್ನುವುದಕ್ಕೂ ಇದೇ ಕಾರಣ. ಯಾರ ಮತ ಯಾವುದಕ್ಕೆಂಬುದು ಸಾಮಾನ್ಯವಾಗಿ ಅಲ್ಲಿ ಬಯಲಿನಲ್ಲಿರುತ್ತದೆ.

ಫಾರ್ಮಿನಲ್ಲಿ ಪ್ರತಿ ಹಾಡಿಗೂ 1ರಿಂದ 10ರ ಲೀನಿಯರ್ ಸ್ಕೇಲ್ ಪ್ರಶ್ನೆ ಇಡಿ. ಎಲ್ಲ ಹಾಡುಗಳನ್ನೂ ಒಂದೇ ಗ್ರಿಡ್‌ನಲ್ಲಿ ತುಂಬಿದರೆ ಫೋನಿನ ಪರದೆಯಲ್ಲಿ 8, 9, 10ರ ಕಂಬಸಾಲುಗಳು ಬಲಗಡೆ ಮರೆಯಾಗಿ, ಅವಸರದಲ್ಲಿದ್ದವರು ಕಂಡಷ್ಟರಲ್ಲೇ ಒತ್ತಿ ಮುಗಿಸುತ್ತಾರೆ. ಹಾಡಿನ ಯಾವ ಪ್ರಶ್ನೆಯನ್ನೂ ಕಡ್ಡಾಯ ಮಾಡಬೇಡಿ, ಕೇಳದ ಹಾಡನ್ನು ಖಾಲಿ ಬಿಡಲು ಹೇಳಿ. ಫಲಿತಾಂಶದ ಸಾರಾಂಶ ಎಲ್ಲರಿಗೂ ಕಾಣುವ ಆಯ್ಕೆ ಆಫ್ ಇದೆಯೇ ಎಂದು ನೋಡಿ. ಹೆಸರಿನ ಪ್ರಶ್ನೆಯೊಂದು ಇರಲೇಬೇಕು. ಉತ್ತರಗಳನ್ನು ಪಟ್ಟಿಗಾರನೊಬ್ಬನೇ ನೋಡಬೇಕು, ಮತ್ತು ಅವನು ತನ್ನ ಅಂಕಗಳನ್ನು ಎಲ್ಲರಿಗಿಂತ ಮೊದಲು ಸಲ್ಲಿಸಿರಬೇಕು.

ಸಂಖ್ಯೆಗಳ ಅರ್ಥವನ್ನು ಫಾರ್ಮಿನ ತಲೆಯಲ್ಲೇ ಬರೆದುಬಿಡಿ. 5 ಎಂದರೆ ಬಂದರೆ ಕೇಳುತ್ತೇನೆ, ಹುಡುಕಿಕೊಂಡು ಹೋಗುವುದಿಲ್ಲ. 7 ಎಂದರೆ ನನ್ನ ಪಟ್ಟಿಗೆ ಸೇರಿಸಿಕೊಂಡೆ. 9 ಎಂದರೆ ಆ ಆಲ್ಬಮ್ ಪೂರ್ತಿ ಕೇಳುತ್ತೇನೆ. 3 ಎಂದರೆ ನಡುವೆಯೇ ನಿಲ್ಲಿಸಬೇಕೆನ್ನಿಸಿತು. ಈ ವಿವರಣೆಯಿಲ್ಲದಿದ್ದರೆ ಪರೀಕ್ಷೆಯ ಅಂಕದ ಅಭ್ಯಾಸ ಬಿದ್ದ ನಮ್ಮಲ್ಲಿ 5 ಎಂದರೆ ಜಸ್ಟ್ ಪಾಸ್ ಎಂದಾಗಿ, ‘ನನ್ ಹಾಡಿಗೆ ಐದಾ ಗುರು?’ ಎಂಬ ಮುನಿಸು ಶುರುವಾಗುತ್ತದೆ. ಪ್ರತಿ ಅಂಕದ ಜೊತೆ ಒಂದು ಸಾಲಿನ ಕಾರಣವನ್ನೂ ಕೇಳಿ, ಅದು ಹಾಡಿನ ಯಾವುದಾದರೂ ಒಂದು ಜಾಗವನ್ನು ತೋರಿಸುವಂತಿರಲಿ. ‘ಚೆನ್ನಾಗಿದೆ’ ಎನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ‘ಎರಡನೆಯ ಸೋಲೋದಲ್ಲಿ ಎರಡು ಗಿಟಾರ್ ಒಟ್ಟಿಗೆ ಏರುವ ಕಡೆ ಹಿಡಿಸಿತು, ಕೊನೆಯ ಕೋರಸ್ ನಾಲ್ಕು ಸಲ ಬೇಕಿರಲಿಲ್ಲ’ ಎನ್ನುವುದರಿಂದ ಇದೆ.

ಹಂತ 9: ಲೆಕ್ಕ

ಅಂಕಗಳನ್ನು ಕೈಯಿಂದ ಶೀಟಿಗೆ ತುಂಬುವವರು 8/10 ಎಂದು ಬರೆಯಬಾರದು. ಶೀಟ್ ಅದನ್ನು ದಿನಾಂಕವೆಂದು ತಿಳಿದುಕೊಳ್ಳುತ್ತದೆ, ಆಮೇಲೆ ಬರುವ ಸರಾಸರಿ ಹತ್ತಾರು ಸಾವಿರಗಳಲ್ಲಿರುತ್ತದೆ. ಕೇಳದ ಹಾಡಿಗೆ 0 ಹಾಕುವುದೂ ತಪ್ಪು. ಆವರೇಜ್ ಸೂತ್ರ ಖಾಲಿ ಮನೆಯನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ.

ಇನ್ನು ಸರಾಸರಿಯೇ ಸಾಕೇ ಎಂಬ ಪ್ರಶ್ನೆ. ಏಳು ಜನ ಒಂದು ಹಾಡಿಗೆ 9, 9, 8, 9, 8, 9, 2 ಕೊಟ್ಟರೆಂದುಕೊಳ್ಳಿ. ಮೊತ್ತ 54, ಸರಾಸರಿ 7.7. ಇನ್ನೊಂದು ಹಾಡಿಗೆ ಏಳೂ ಜನ 8 ಕೊಟ್ಟರು, ಸರಾಸರಿ 8. ಬರೀ ಸರಾಸರಿ ನೋಡಿದರೆ ಎರಡನೆಯದು ಗೆದ್ದಿತು. ಅಂಕಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸಿದರೆ, ಅಂದರೆ ಶಾಲೆಯ ಗಣಿತದಲ್ಲಿ ಓದಿದ ಮಧ್ಯಾಂಕವನ್ನು ನೋಡಿದರೆ, ಮೊದಲನೆಯದು 9, ಎರಡನೆಯದು 8. ಒಬ್ಬರ ಸಿಟ್ಟಿಗೆ ಏಳು ಜನರ ಫಲಿತಾಂಶ ಬಾಗಬಾರದೆಂದಿದ್ದರೆ ಮೀಡಿಯನ್ ಸೂತ್ರವನ್ನೂ ಪಕ್ಕದಲ್ಲಿ ಹಾಕಿ.

ಧಾರಾಳಿಗಳು ಮತ್ತು ಜಿಪುಣರ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ತನ್ನ ಹಾಡಿಗೆ ತಾನೇ ಅಂಕ ಕೊಡಬಾರದೆಂಬ ನಿಯಮ ಎಲ್ಲ ಗುಂಪಿನಲ್ಲೂ ಇರುತ್ತದೆ, ಇರಬೇಕು ಕೂಡ. ಆದರೆ ಅದರಿಂದಾಗಿ ಪ್ರತಿ ಹಾಡಿಗೂ ಅಂಕ ಕೊಡುವವರ ತಂಡ ಬೇರೆಯಾಗುತ್ತದೆ. ಯಾವುದಕ್ಕೂ 6ರ ಮೇಲೆ ಹೋಗದ ಜಿಪುಣನ ಹಾಡಿಗೆ ಅವನೊಬ್ಬನ ಅಂಕ ಬೀಳುವುದಿಲ್ಲ, ಹಾಗಾಗಿ ಅವನ ಹಾಡೇ ತಿಂಗಳು ತಿಂಗಳೂ ಮೇಲೆ ಬರುತ್ತದೆ. ಒಬ್ಬರೇ ಸದಸ್ಯರು ಮತ್ತೆಮತ್ತೆ ಗೆಲ್ಲುತ್ತಿದ್ದರೆ ಅವರ ಅಭಿರುಚಿಯನ್ನು ಹೊಗಳುವ ಮೊದಲು ಅವರು ಬೇರೆಯವರಿಗೆ ಕೊಟ್ಟ ಅಂಕಗಳನ್ನು ನೋಡಿ.

ಪರಿಹಾರವಿಷ್ಟೆ: ಪ್ರತಿಯೊಬ್ಬರೂ ಕೊಟ್ಟ ಎಲ್ಲ ಅಂಕಗಳ ಸರಾಸರಿ ತೆಗೆದು, ಒಂದೊಂದು ಅಂಕದಿಂದಲೂ ಅದನ್ನು ಕಳೆಯಿರಿ. ತನ್ನ ಸರಾಸರಿ 8.5 ಇರುವ ಧಾರಾಳಿ ಕೊಟ್ಟ 9 ಆಗುವುದು 0.5. ತನ್ನ ಸರಾಸರಿ 5.5 ಇರುವ ಜಿಪುಣ ಕೊಟ್ಟ 7 ಆಗುವುದು 1.5. ಮೆಚ್ಚುಗೆ ನಿಜಕ್ಕೂ ಯಾರದು ಹೆಚ್ಚೆಂಬುದು ಆಗ ಕಾಣುತ್ತದೆ. ಈ ವ್ಯತ್ಯಾಸಗಳನ್ನು ಹಾಡುವಾರು ಸರಾಸರಿ ಮಾಡಿದರೆ ಅದೇ ಅಂತಿಮ ಸ್ಥಾನ. ಪಟ್ಟಿಯ ಅರ್ಧಕ್ಕಿಂತ ಕಡಿಮೆ ಹಾಡುಗಳಿಗೆ ಅಂಕ ಕೊಟ್ಟವರ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ; ಅವರ ಸರಾಸರಿಯನ್ನು ನಂಬುವಂತಿಲ್ಲ.

ಹಂತ 10: ಫಲಿತಾಂಶ ಮತ್ತು ಮಾತು

ಮೊದಲು ಕಳಿಸಿದವರ ಹೆಸರುಗಳು, ಆಮೇಲೆ ಸ್ಥಾನಗಳು, ಕೊನೆಗೆ ಕಾರಣದ ಸಾಲುಗಳು ಹೊರಬರಲಿ. ಕಾರಣಗಳ ಮುಂದೆ ಹೆಸರು ಬೇಡ; ಬರೆದವರು ತಾವಾಗಿ ಒಪ್ಪಿಕೊಂಡರೆ ಸರಿ.

ಮಾತನ್ನು ಗೆದ್ದ ಹಾಡಿನಿಂದ ಶುರುಮಾಡಿದರೆ ಬೇಗ ಮುಗಿದುಹೋಗುತ್ತದೆ, ಏಕೆಂದರೆ ಎಲ್ಲರೂ ಒಪ್ಪಿದ್ದಾಗಿದೆ. ಗರಿಷ್ಠ ಮತ್ತು ಕನಿಷ್ಠ ಅಂಕಗಳ ಅಂತರ ಯಾವ ಹಾಡಿಗೆ ಅತಿ ಹೆಚ್ಚೋ ಅದರಿಂದ ಶುರುಮಾಡಿ. ಎಲ್ಲರೂ 6 ಕೊಟ್ಟ ಹಾಡಿಗೂ, ಅರ್ಧ ಜನ 9 ಅರ್ಧ ಜನ 3 ಕೊಟ್ಟ ಹಾಡಿಗೂ ಸರಾಸರಿ ಒಂದೇ, ಮಾತಿಗೆ ಸಿಗುವ ಸರಕು ಒಂದೇ ಅಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಯ ಜೊತೆಗೇ ಇದನ್ನು ಮುಗಿಸಬಹುದು, ಬ್ಲೂಟೂತ್ ಸ್ಪೀಕರನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಅಲ್ಲಿ ಹಕ್ಕಿಗಳಿವೆ, ವಯಸ್ಸಾದವರು ನಡೆಯುತ್ತಿರುತ್ತಾರೆ.

ಹಂತ 11: ದಾಖಲೆ ಮತ್ತು ಮುಂದಿನ ತಿಂಗಳ ತಯಾರಿ

ಬೇರೊಂದು ಶೀಟಿನಲ್ಲಿ ತಿಂಗಳು, ಹಾಡು, ಆವೃತ್ತಿ, ಕಳಿಸಿದವರು, ಅಂತಿಮ ಅಂಕ, ಅಂತರ ಇಷ್ಟನ್ನು ದಾಖಲಿಸಿಡಿ. ಒಂದು ಹಾಡು ಮತ್ತೆ ಬರಲು 12 ತಿಂಗಳಾದರೂ ಕಳೆದಿರಬೇಕು, ಒಂದೇ ಬ್ಯಾಂಡ್ ಬೆನ್ನುಬೆನ್ನಿಗೆ ಎರಡು ತಿಂಗಳು ಬರಬಾರದು. ಮೇಡನ್ ಇಲ್ಲದ ತಿಂಗಳು ಕೆಲವರಿಗೆ ಸಂಕಟವಾಗುತ್ತದೆ, ಆಗಲಿ.

ಹೊಸ ಪಟ್ಟಿಗಾರನಿಗೆ ಫಾರ್ಮಿನ ಪ್ರತಿ ಮಾಡಿ ಕೊಡಿ. ಹಳೆಯ ಫಾರ್ಮಿನಲ್ಲೇ ಹಾಡುಗಳ ಹೆಸರು ಬದಲಿಸಿ ಬಳಸಿದರೆ ಶೀಟಿನ ತಲೆಬರಹಗಳೂ ಬದಲಾಗಿ, ಕಳೆದ ತಿಂಗಳ ಅಂಕಗಳು ಈ ತಿಂಗಳ ಹಾಡುಗಳ ಕೆಳಗೆ ಬಂದು ನಿಲ್ಲುತ್ತವೆ. ಪ್ರತಿ ಮಾಡಿದ ಫಾರ್ಮಿಗೆ ಹಳೆಯ ಉತ್ತರಗಳು ಅಂಟಿಕೊಂಡು ಬರುವುದಿಲ್ಲ. ಅದನ್ನು ಹೊಸ ಶೀಟಿಗೆ ಜೋಡಿಸಿ, ಒಂದು ಸುಳ್ಳು ಉತ್ತರ ತುಂಬಿ ಸರಿಯಾದ ಮನೆಗಳಲ್ಲಿ ಬಿತ್ತೇ ಎಂದು ನೋಡಿ, ಆ ಸಾಲನ್ನು ಅಳಿಸಿದ ಮೇಲೆಯೇ ಲಿಂಕನ್ನು ಗುಂಪಿಗೆ ಹಾಕಿ.